ಸುಮ್ಮನೆ ಕೂತ ಹೊತ್ತು

ಮಾಲೂರಿನ ಕಾರ್ಖಾನೆಯೊಂದಕ್ಕೆ ಎಲ್ಲರ ಮೇಜಿನ ಪರದೆಗಳಿಗೂ ಒಂದೇ ಆದ ಯುನಿಕ್ಸ್ ಕಂಪ್ಯೂಟರ್ ಬಂದ ಎಂಬತ್ತೇಳನೇ ಇಸವಿಯಿಂದ ಅದನ್ನು ನೋಡಿಕೊಳ್ಳುವ ಕೋದಂಡರಾಮಪ್ಪನವರಿಗೆ ಒಂದೇ ಜಗಳ, ಅದರ ಗಡಿಯಾರದ ಜೊತೆ. ಯಾರು ಎಷ್ಟು ಹೊತ್ತು ಕೀ ಒತ್ತದೆ ಸುಮ್ಮನೆ ಕೂತಿದ್ದರೆಂದು ಕಂಪ್ಯೂಟರು ಆ ಗಡಿಯಾರ ನೋಡಿ ಪಟ್ಟಿ ಕೊಡುತ್ತಿತ್ತು; ಒಂದು ಕೀ ಒತ್ತಿದೊಡನೆ ಆ ಹೊತ್ತು ಅಳಿಸಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಮ್ಯಾನೇಜರು ಆಗಾಗ ಆ ಪಟ್ಟಿ ನೋಡಿ ಬೈಯುತ್ತಿದ್ದರು. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಗಂಟೆಗಟ್ಟಲೆ ಹಿಂದೆ ಬೀಳುವುದು. ಅದನ್ನು ತಿದ್ದಿ ಐದು ಗಂಟೆ ಮುಂದಕ್ಕಿಟ್ಟೊಡನೆ, ಬೆವರು ಸುರಿಸಿ ಟೈಪು ಮಾಡುತ್ತಿದ್ದವರೂ ಐದು ಗಂಟೆ ಸುಮ್ಮನಿದ್ದರೆಂದು ಪಟ್ಟಿ ಹೇಳುವುದು. "ಸುಳ್ಳು ಬೊಗಳ್ತೈತೆ ಕಣಮ್ಮಾ, ಬೇಗ ಒಂದು ಕೀ ಒತ್ರಮ್ಮಾ!" ಎನ್ನುತ್ತಾ ಇವರು ಮೇಜಿಂದ ಮೇಜಿಗೆ ಓಡುವರು. ಮನೆಯಲ್ಲಿ ಹೆಂಡತಿ "ಹತ್ತು ನಿಮಿಷದಿಂದ ಕೂಗ್ತಿದೀನಿ" ಅಂದರೂ ಕೈಗಡಿಯಾರ ನೋಡಿ "ಏಳು" ಎನ್ನುವ ಮನುಷ್ಯ. ಒಂದು ನಿಮಿಷ ತಪ್ಪಿದರೂ ಅವರಿಗೆ ಅನ್ನ ಇಳಿಯದು. ಗಂಡ ತೀರಿಕೊಂಡ ಹದಿನೈದನೇ ದಿನಕ್ಕೆ ಕೆಲಸಕ್ಕೆ ಬಂದ, ಅಲ್ಲೇ ಟೈಪು ಮಾಡುತ್ತಿದ್ದ ವೆಂಕಟರತ್ನಮ್ಮ ಕೈಗಳನ್ನು ಮಡಿಲಲ್ಲಿಟ್ಟು ಪರದೆಯನ್ನೇ ನೋಡುತ್ತಾ ಕೂತುಬಿಟ್ಟರು. ಪಟ್ಟಿಯಲ್ಲಿ ನಲವತ್ತು ನಿಮಿಷ. ಅಂದು ಅದು ಸುಳ್ಳು ಹೇಳಿರಲಿಲ್ಲ. ಕೋದಂಡರಾಮಪ್ಪನವರು ಮೆಲ್ಲಗೆ ಬಂದು ಆಕೆಯ ಮುಂದಿದ್ದ ಒಂದು ಕೀ ಒತ್ತಿ ಹೋದರು. ಸಂಜೆಯವರೆಗೂ ಹತ್ತು ನಿಮಿಷಕ್ಕೊಮ್ಮೆ ಬಂದು ಒತ್ತಿದರು. ಮಿಕ್ಕವರ ಹೆಸರಿನ ಮುಂದೆ ಊಟ, ಟೀ ಹೊತ್ತಿನ ಅರ್ಧರ್ಧ ಗಂಟೆ ಬಿದ್ದಿದ್ದ ಆ ದಿನದ ಪಟ್ಟಿಯಲ್ಲಿ ಆಕೆಯಷ್ಟು ಕೆಲಸ ಮಾಡಿದವರು ಇನ್ನೊಬ್ಬರಿರಲಿಲ್ಲ.