ಹಗ್ಗ ಎಳೆದ ಕೈ

ಮಲ್ಲಪ್ಪಾ, ಅಂದು ಉರಣ್ ಕಡಲಿನಲ್ಲಿ ಹಗ್ಗ ಎಳೆದವನು ನಾನು. ನೀನಲ್ಲ. ಇಷ್ಟು ವರ್ಷ ನಿನ್ನದೆಂದು ನೀನು ನಂಬಿಕೊಂಡು ಬಂದ ಆ ಹೆದರಿಕೆ ನನ್ನದು — ಅದನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ.

ಬರೆಯುವಾಗ ಈಗಲೂ ಕೈ ಹಿಂದೇಟು ಹಾಕುತ್ತದೆ. ಹಾಕಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಠಾಣೆ ಪಟ್ಟಣದ ಈಜುಕೊಳದಲ್ಲಿ ಇಬ್ಬರೂ ಒಟ್ಟಿಗೆ ಕಲಿತೆವು, ಒಂದೇ ದಿನ ಸರ್ಟಿಫಿಕೇಟ್ ಪಡೆದೆವು. ನಾನು ಮಲ್ಪೆಯ ಕಡೆಯವನು, ಡೊಂಬಿವಲಿಯಲ್ಲಿ ಹೋಟೆಲಿಟ್ಟವರ ಮಗ. ನೀನು ವಿಜಾಪುರದ ಕಡೆಯಿಂದ ಬಂದು ವಾಶಿಯಲ್ಲಿ ಸಿಮೆಂಟು ಹೊರುತ್ತಿದ್ದವನು. ನೀರು ತುಂಬಿದ ಪಾಯದ ಹೊಂಡದಲ್ಲಿ ಮುಳುಗಿ ಪಂಪು ತೆಗೆದೆಯೆಂದು ಕಂಟ್ರಾಕ್ಟರನೇ ನಿನ್ನನ್ನು ಕಲಿಯಲು ಕಳಿಸಿದ್ದ. ನೀನು ಈಜು ಕಲಿತದ್ದು ಊರ ಬಾವಿಯಲ್ಲಿ.

"ಬಾವಿ ಬೇರೆ, ಕಡಲು ಬೇರೆ ಮಾರಾಯ. ನನ್ನ ಹಿಂದೆಯೇ ಇರು ನೀನು," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ.

"ಆಗ್ಲಿರಿ ಅಣ್ಣಾರ," ಎನ್ನುತ್ತಿದ್ದೆ ನೀನು.

ಕಡಲಿಗಿಳಿದ ಮೊದಲ ದಿನವೇ ನನ್ನ ಜಂಬ ಇಳಿಯಿತು. ಸಿಲಿಂಡರ್ ಬರಿದುಮಾಡಿಕೊಂಡು ನಾನು ಏದುಸಿರು ಬಿಡುತ್ತ ಮೇಲೆ ಬಂದರೆ, ನಿನ್ನದರಲ್ಲಿ ಅರ್ಧ ಗಾಳಿ ಹಾಗೇ ಉಳಿದಿತ್ತು. ಎರಡನೆಯ ಸಲವೂ ಅದೇ. ನಮಗೆ ಕಲಿಸುತ್ತಿದ್ದ ಉಸ್ತಾದರು ನಿನ್ನ ಬೆನ್ನು ತಟ್ಟಿ, "ಯೇ ತೋ ಮಛಲೀ ಹೈ!" ಎಂದರು. ಕಡಲ ದಂಡೆಯಲ್ಲಿ ಹುಟ್ಟಿದ ನಾನು ಪಕ್ಕದಲ್ಲೇ ನಿಂತಿದ್ದೆ. ಮೀನು ನೀನಂತೆ! ಹೊಟ್ಟೆ ಉರಿದುಹೋಯಿತು. ವಾಪಸು ಬರುವ ಬಸ್ಸಿನಲ್ಲಿ ನನಗೆಂದು ಸೀಟು ಹಿಡಿದು ನೀನು ಕರೆದರೂ ನಾನು ಬಾಗಿಲ ಬಳಿಯೇ ನಿಂತೆ.

ಮೂರನೆಯ ಸಲ ಮುಳುಗಿ ಬಂದ ಮೇಲೆ ಇಬ್ಬರಲ್ಲಿ ಒಬ್ಬನಿಗೆ ಜೆಟ್ಟಿ ಕಟ್ಟುವ ಕಂಪನಿಯಲ್ಲಿ ಕೆಲಸ ಎಂದು ಉಸ್ತಾದರು ಮೊದಲೇ ಹೇಳಿದ್ದರು. ಆ ರಾಡಿ ನೀರಿನಲ್ಲಿ ಚಾಚಿದ ಕೈ ಕಾಣುವುದಿಲ್ಲ. ಇಬ್ಬರಿಗೂ ಸೇರಿ ದೋಣಿಯಿಂದ ಒಂದೇ ಹಗ್ಗ. ಒಂದು ಸಲ ಎಳೆದರೆ ಕ್ಷೇಮ. ನಾಲ್ಕು ಸಲ ಎಳೆದರೆ — ಮೇಲೆತ್ತಿ.

ಆ ಮೂರನೆಯ ಸಲ, ತಳದ ಕೆಸರು ಕಾಲಿಗೆ ತಾಗಿತು. ಗಾಳಿ ಬರುತ್ತಲೇ ಇತ್ತು, ನನಗೇನೂ ಆಗಿರಲಿಲ್ಲ, ಆದರೂ ಎದೆ ಕಟ್ಟಿದಂತಾಗಿ... ಪಕ್ಕದಲ್ಲಿ ನಿನ್ನ ಉಸಿರಿನ ಗುಳ್ಳೆಗಳ ಸದ್ದು — ನಿಧಾನ, ನಿಶ್ಚಿಂತ. ನನ್ನ ಹೆದರಿಕೆಗಿಂತ, ನಿನಗೆ ಹೆದರಿಕೆಯಿಲ್ಲವಲ್ಲ ಎಂಬ ಸಂಕಟವೇ ಹೆಚ್ಚಾಯಿತು. ಎಳೆದೆ. ನಾಲ್ಕು ಸಲ.

ದೋಣಿಗೆ ಹತ್ತಿದ ಕೂಡಲೇ ಉಸ್ತಾದರು ಯಾರು ಎಳೆದದ್ದೆಂದು ಕೇಳಿದರು: "ಕಿಸ್ನೆ ಖೀಂಚಾ?"

"ಇಸ್ನೆ," ಎಂದು ನಿನ್ನತ್ತ ಬೆರಳು ತೋರಿಸಿದೆ.

ನೀನು ಜಗಳಾಡಿದ್ದರೆ... "ನಾ ಎಳದಿಲ್ರಿ," ಎಂದೆ, ಮೆಲ್ಲಗೆ. ಆಗ ದೊಡ್ಡಣ್ಣನ ದನಿಯಲ್ಲಿ ನಾನು ಹೇಳಿದೆ: "ಗಾಬರಿಯಲ್ಲಿ ಗೊತ್ತಾಗುದಿಲ್ಲ ಮಾರಾಯ, ಕೈ ತನ್ನಷ್ಟಕ್ಕೆ ಎಳೀತದೆ. ಹಗ್ಗ ನಿನ್ನ ಕೈಯಲ್ಲಿ ಜಗ್ಗಿದ್ದು ಹೌದಾ ಅಲ್ಲವಾ?"

ಜಗ್ಗಿತ್ತು. ನಾನೇ ಜಗ್ಗಿದ್ದೆನಲ್ಲ! ನೀನು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. "ಹಂಗಾರ... ನಾನ ಎಳದಿರ್ಬೇಕ್ರಿ."

ಕೆಲಸ ನನಗೆ ಸಿಕ್ಕಿತು. ನೀನು ಮತ್ತೆ ಸಿಮೆಂಟು ಹೊರಲು ಹೋದೆ. ನಾನು ಕಿತ್ತುಕೊಂಡದ್ದು ಕೆಲಸವನ್ನಷ್ಟೇ ಎಂದುಕೊಂಡಿದ್ದೆ — ಮೊನ್ನೆಯವರೆಗೂ.

ಮೊನ್ನೆ ಗಣಪತಿ ವಿಸರ್ಜನೆಯ ದಿನ ಕಲ್ಯಾಣದ ಖಾಡಿಯ ಹಿನ್ನೀರಿನ ಹತ್ತಿರ ಸಿಕ್ಕೆಯಲ್ಲ, ನಿನ್ನ ಮನೆಯ ಗಣಪತಿಯನ್ನು ಹೊತ್ತು ನೀರಿಗಿಳಿದವನು ನೆರೆಮನೆಯವನು. ನೀನು ಪಾದ ಒದ್ದೆಯಾಗದಂತೆ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದೆ.

ಅಪ್ಪನಿಗೆ ನೀರೆಂದರೆ ಹೆದರಿಕೆಯೆಂದು ನಿನ್ನ ಮಗಳು ನಕ್ಕಳು: "ಪಪ್ಪಾ ಪಾನೀ ಸೆ ಡರ್ತೆ ಹೈಂ."

ನೀನೂ ನಕ್ಕೆ. "ನೀರಾಗ ನನ್ನ ಕೈ ನಾ ನಂಬೂದಿಲ್ಲವ್ವ. ಈ ಅಣ್ಣಾರನ್ನ ಕೇಳು, ಅವರ ಮುಂದ ಆಗಿದ್ದು."

ಅವಳು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ — ಹೌದೆಂದು.

ಇದನ್ನು ಅಂಚೆಗೆ ಹಾಕಿ ಕೈತೊಳೆದುಕೊಂಡರೆ ಸಾಲದು. ಭಾನುವಾರ ಟಿಟ್ವಾಳಾಕ್ಕೆ, ನಿನ್ನ ಮನೆಗೆ ಬರುತ್ತೇನೆ. ಒಳಗೆ ಕರೆಯದಿದ್ದರೂ ಸರಿ, ಮಗಳನ್ನು ಬಾಗಿಲಿಗೆ ಕರೆ. ಕನ್ನಡದಲ್ಲಿ ಹೇಳಿದರೆ ಅವಳಿಗೆ ಪೂರ್ತಿ ತಿಳಿಯುತ್ತದೋ ಇಲ್ಲವೋ — ಎಳೆದವನು ನಾನೆಂದು ಹಿಂದಿಯಲ್ಲೇ ಹೇಳುತ್ತೇನೆ, ಅಂದು ದೋಣಿಯಲ್ಲಿ ಉಸ್ತಾದರಿಗೆ ಹೇಳಬೇಕಿದ್ದ ಹಾಗೆ: ಮೈನೆ ಖೀಂಚಾ.