ಧಾರೆ ಸೀರೆಯ ತುಂಡು, ಎಣ್ಣೆಯ ಮುಳ್ಳು

ಬೆಳಗಿನ ಐದೂವರೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ, ತಗಡಿನ ಶೆಡ್ಡಿನ ಮುಂದೆ ಹಳೆಯ ಅಂಬಾಸಿಡರ್ ಕಾರೊಂದು ಬಾನೆಟ್ ತೆರೆದು ನಿಂತಿದೆ. ಅರವತ್ತೆರಡರ ಚಿಕ್ಕೀರಪ್ಪ ಸೊಂಟದವರೆಗೂ ಅದರೊಳಗೆ ಬಗ್ಗಿ, ಬೀಡಿಗಿಂತ ಸಣ್ಣ ತಾಮ್ರದ ಕೊಳವೆಯನ್ನು ಎಂಜಿನ್ನಿಗೆ ಬಿಗಿಯುತ್ತಿದ್ದಾರೆ. ಕೊಳವೆಯ ಇನ್ನೊಂದು ತುದಿ ಡ್ರೈವರ್ ಎದುರಿನ ಹೊಸ ಮೀಟರಿಗೆ. ಮೀಟರಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಹಾಲುಬಣ್ಣದ ರೇಷ್ಮೆ ತುಂಡೊಂದನ್ನು ಹಾಸಿದ್ದಾರೆ. ಇವತ್ತು ಅದರ ಮೇಲೆ ಒಂದು ತೊಟ್ಟು ಎಣ್ಣೆಯೂ ಬೀಳಬಾರದು. ಬೇರೆ ಕಾರಾಗಿದ್ದರೆ ಮಾತು ಬೇರೆ. ಇವರ ಮಾನ ಕಳೆದದ್ದು ಇದೇ ಕಾರು.

ಇಂಥ ಹಳೆಯ ಕಾರುಗಳಲ್ಲಿ ಎಣ್ಣೆಯ ಒತ್ತಡ ತೀರಾ ಬಿದ್ದಾಗ ಒಂದು ಕೆಂಪು ದೀಪ ಹತ್ತುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಕಥೆ ಮುಗಿದಿರುತ್ತದೆ. ಚಿಕ್ಕೀರಪ್ಪ ಎರಡು ಮೀಟರ್ ಕೂರಿಸುತ್ತಾರೆ, ಒತ್ತಡಕ್ಕೊಂದು, ಬಿಸಿಗೊಂದು. "ಬಿಸಿ ಏರಿದಾಗ ಒತ್ತಡ ಎಷ್ಟು ಇಳೀತೈತೆ ಅಂತ ಎರಡೂ ಮುಳ್ಳು ಸೇರ್ಸಿ ನೋಡ್ಬೇಕ್ರಿ. ಆಗ ಎಂಜಿನ್ನು ಎಲ್ಲಾ ಬಾಯಿ ಬಿಡ್ತೈತೆ." ಪರಶುರಾಂಪುರದ ಕುರಿ ಕಾಯುವ ಮನೆಯಿಂದ ಬಂದವರು ನಲವತ್ತು ವರ್ಷದಲ್ಲಿ ಇನ್ನೂರು ಕಾರಿಗೆ ಮೀಟರ್ ಕೂರಿಸಿದ್ದಾರೆ. ಈ ವರ್ಷ ಬಂದದ್ದು ಮೂರೇ. ಹಳೆ ಕಾರಿಗೆ ಒರಗಿ ಫೋಟೊ ತೆಗೆಸಿಕೊಳ್ಳುವವರಿಗೇನೂ ಬರವಿಲ್ಲ. ಅದರ ಎಣ್ಣೆ ಮುಟ್ಟಿದವನ ಹೆಸರು ಮಾತ್ರ ಒಬ್ಬನಿಗೂ ಬೇಕಿಲ್ಲ.

ನಾಲ್ಕು ವರ್ಷದ ಹಿಂದೆ ಇದೇ ಕಾರಿಗೆ ಮೀಟರ್ ಕೂರಿಸುವಾಗ ಚಿಕ್ಕೀರಪ್ಪ ಒಂದು ಗೇಣು ಕೊಳವೆ ಉಳಿಸಿದರು. ಎಂಜಿನ್ ಅದುರುತ್ತದೆ, ಅದಕ್ಕೇ ಕೊಳವೆಯ ನಡುವೆ ಎರಡು ಸುತ್ತು ಬಿಡಬೇಕು. ಬಿಡದೆ ಬಿಗಿಯಾಗಿ ಎಳೆದರು. ಮೊಳಕಾಲ್ಮೂರಿನ ನೇಕಾರ್ತಿ ಸುಲೋಚನಮ್ಮ ತಾನು ನೇಯ್ದ ಧಾರೆ ಸೀರೆಯನ್ನು ಕಾಲ ಬಳಿ ಇಟ್ಟುಕೊಂಡು ಈ ಕಾರಿನ ಮುಂದಿನ ಸೀಟಿನಲ್ಲಿ ಚಳ್ಳಕೆರೆಯ ಅಂಗಡಿಗೆ ಬರುತ್ತಿದ್ದಾಗ, ತಳಕಿನ ಹತ್ತಿರ ಕೊಳವೆ ತುಂಡಾಯಿತು. ಒಂದೂವರೆ ತಿಂಗಳ ನೇಯ್ಗೆಯ ಮೇಲೆ ಸುಡುವ ಕರಿ ಎಣ್ಣೆ. ಆಕೆ ಬೈಯಲಿಲ್ಲ. ಶೆಡ್ಡಿಗೆ ಬಂದು ಸೀರೆಯನ್ನು ಇವರ ಕೈಗಿಟ್ಟರು. "ಈ ಕಪ್ಪು ನಾ ನೇಯ್ದಿದ್ದಲ್ಲಣ್ಣ. ನಿಂದು. ನೀನೇ ಇಟ್ಕ."

ಅಂದಿನಿಂದ ಪ್ರತಿ ಕಾರಿಗೂ ಆ ಸೀರೆಯ ಕಲೆಯಿಲ್ಲದ ಕಡೆಯಿಂದ ಒಂದು ತುಂಡು ಕತ್ತರಿಸಿ ಹಾಸುತ್ತಾರೆ, ಒಂದು ಗಂಟೆ ಎಂಜಿನ್ ಓಡಿಸುತ್ತಾರೆ, ಬಟ್ಟೆ ಶುಭ್ರವಾಗಿದ್ದರೆ ಕಾರಿನವರ ಕೈಗೇ ಕೊಟ್ಟು ಕಳಿಸುತ್ತಾರೆ. "ನಂಗೆ ಕೊಟ್ಟಿದ್ರೆ ಕಲೆ ಒಳಗ್ ಮಡಚಿ ಉಟ್ಕಂತಿದ್ದೆ. ಈ ಮಾರಾಯ ಕಾರಿಗೆ ಉಡಿಸ್ತಾನೆ!" ಎನ್ನುತ್ತಾರೆ ಹೆಂಡತಿ ಜಯಕ್ಕ. ಇವತ್ತಿನ ತುಂಡು ಮಾತ್ರ ಸುಲೋಚನಮ್ಮನಿಗೇ ತಲುಪಬೇಕು. ಅದೊಂದೇ ಆಸೆ.

ಗಂಟೆ ಕಳೆಯಿತು. ಬಟ್ಟೆ ಹಾಲಿನಂತಿದೆ. ಆದರೆ ನಲವತ್ತೈದರಲ್ಲಿದ್ದ ಒತ್ತಡದ ಮುಳ್ಳು ಬಿಸಿ ಏರುತ್ತಲೇ ಎಂಟಕ್ಕೆ ಕುಸಿದಿದೆ. ಮೊಳಕಾಲ್ಮೂರಿನಿಂದ ಬಂದ ಕಾರಿನ ಮಾಲೀಕ ನಾಗೇಂದ್ರಪ್ಪ ಬಗ್ಗಿ ನೋಡುತ್ತಾರೆ.

"ಇದೇನ್ಲೇ, ಮುಳ್ಳು ಮಲಗ್ಬಿಟ್ಟೈತೆ?"

"ಬೇರಿಂಗ್ ಸವೆದಾವೆ ಸಾವ್ಕಾರ್ರೆ. ಎಂಜಿನ್ ಇಳಿಸ್ಬೇಕು."

"ಮಾರೋ ಕಾರಿಗೆ ಅದ್ಯಾಕೆ? ಮೀಟರ್ ಇದ್ರೆ ಬೆಲೆ ಬರ್ತೈತೆ ಅಂತ ಹಾಕ್ಸಿದ್ದು. ದಪ್ಪ ಎಣ್ಣೆ ಹುಯ್ಯಿ, ಮುಳ್ಳು ಎದ್ದು ನಿಂತ್ಕಂತೈತೆ."

"ಮುಳ್ಳಿನ ಕೈಲಿ ಸುಳ್ಳು ಹೇಳ್ಸೋಕೆ ನನ್ನಿಂದ ಆಗಲ್ರಿ."

"ಹಂಗಾರೆ ಕಿತ್ತಾಕು!"

ಚಿಕ್ಕೀರಪ್ಪ ಎರಡೂ ಮೀಟರ್ ಬಿಚ್ಚಿ, ಎಂಜಿನ್ನಿಗೆ ಹಳೆಯ ದೀಪದ ವೈರನ್ನೇ ಸಿಕ್ಕಿಸುತ್ತಾರೆ. ಎಲ್ಲಾ ಮುಗಿದ ಮೇಲೆ ರೇಷ್ಮೆ ತುಂಡು ಚಾಚುತ್ತಾರೆ. "ಸುಲೋಚನಮ್ಮಂಗೆ ಕೊಡ್ರಿ. ಇದೇ ಕಾರಿಂದು ಅಂತ ಹೇಳ್ರಿ."

"ಎಲ್ಲಿ ಸುಲೋಚನಮ್ಮ? ಆ ಸೀರೆ ಕೆಟ್ಮೇಲೆ ಅಂಗಡಿಯೋನು ಕೆಲ್ಸ ಕೊಡ್ಲಿಲ್ಲ. ಮಗ್ಗ ಬಿಚ್ಚಿ ಸೌದೆಗೆ ಹಾಕಿ ಊರು ಬಿಟ್ಳು. ಎರಡು ವರ್ಷಾತು."

ಕಾರು ಹೊಗೆ ಬಿಟ್ಟು ತಿರುವು ದಾಟುತ್ತದೆ. ಚಿಕ್ಕೀರಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡುತ್ತಾರೆ. ಜಯಕ್ಕ ಹತ್ತಿರ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಾರೆ.

"ಒಂದ್ ತೊಟ್ಟೂ ಇಲ್ಲ ನೋಡೇ," ಎನ್ನುತ್ತಾರೆ ಚಿಕ್ಕೀರಪ್ಪ. "ಈ ಸಲ ಕೊಳವೆಗೆ ಎರಡಲ್ಲ, ಮೂರು ಸುತ್ತು ಬಿಟ್ಟಿದ್ದೆ."