ವಯಸ್ಸಿನ ಡಾಕ್ಟರಮ್ಮ

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕೂತು, ರಕ್ತ ಪರೀಕ್ಷಿಸಿ, ಯಾರ ದೇಹಕ್ಕೆ ನಿಜವಾಗಿ ಎಷ್ಟು ವಯಸ್ಸಾಗಿದೆ ಎಂದು ಹೇಳುವ ವಿಜ್ಞಾನಿಯನ್ನು ಎಲ್ಲರೂ ಕರೆಯುವುದು ವಯಸ್ಸಿನ ಡಾಕ್ಟರಮ್ಮ ಎಂದೇ. ಯಾರ ಮನೆಗೆ ಊಟಕ್ಕೆ ಹೋದರೂ ನೆಂಟರಿಷ್ಟರು ಸುತ್ತುವರಿದು, ಕೆನ್ನೆ ಮುಂದೆ ಮಾಡಿ, "ಹೇಳಿ ನೋಡೋಣ, ನಮ್ಮದೆಷ್ಟು?" ಎನ್ನುತ್ತಾರೆ. "ಮುಖಕ್ಕೆ ಬಣ್ಣ ಹಚ್ಚಬಹುದು ರೀ, ಜೀವಕೋಶಕ್ಕೆ ಹಚ್ಚೋಕಾಗುತ್ತಾ?" ಎಂದು ಆಕೆ ಗದರುತ್ತಾರೆ. ಮೆಟ್ಟಿಲು ಹತ್ತದೆ ಲಿಫ್ಟಿಗೆ ಕಾಯುವವರನ್ನು ಕಂಡರೆ ಕಿಡಿಕಿಡಿ. ಡಾಕ್ಟರಮ್ಮನ ಕಾಲ ಸಪ್ಪಳ ಕೇಳಿದರೆ ಸಹೋದ್ಯೋಗಿಗಳು ಬಿಸ್ಕತ್ತನ್ನು ಡ್ರಾಯರಿಗೆ ತಳ್ಳುತ್ತಾರೆ. "ಹುಟ್ಟಿನಿಂದ ಬಂದ ಜೀನು ಬದಲಾಗಲ್ಲ, ಆದ್ರೆ ಬದುಕು ಅದರ ಮೇಲೆ ಗುರುತು ಹಾಕ್ತಾನೇ ಇರುತ್ತೆ" ಎಂಬುದು ದಿನಕ್ಕೊಮ್ಮೆಯಾದರೂ ಬಾಯಿಗೆ ಬರುವ ಮಾತು. ಮಗಳು ಕಾಯಿಲೆ ಬಿದ್ದ ವರ್ಷ ತಮ್ಮ ರಕ್ತವನ್ನೇ ಪರೀಕ್ಷಿಸಿಕೊಂಡಿದ್ದರು; ದೇಹ ಏಳೆಂಟು ವರ್ಷ ಮುಂದಕ್ಕೆ ಓಡಿಬಿಟ್ಟಿತ್ತು. ಮಗಳು ಗುಣವಾದ ಮೇಲೆ ನೋಡಿದರೆ, ಬಹುಪಾಲು ಹಿಂದಕ್ಕೆ ಬಂದಿತ್ತು. ಮೊನ್ನೆ, ಕೆಳಗಿನ ವಾರ್ಡಿನಲ್ಲಿ ಮಲಗಿದ್ದ ಗಂಡನ ಆರೈಕೆ ಮಾಡಿ ಮಾಡಿ ಸೊರಗಿಹೋದ ಹೆಂಗಸೊಬ್ಬಳು ತನ್ನ ರಿಪೋರ್ಟು ನೋಡಿ, "ಹಾಗಾದ್ರೆ ನಾನು ಮುದುಕಿಯಾಗಿಬಿಟ್ಟೆನಾ ಅಮ್ಮಾ?" ಎಂದು ಅತ್ತುಬಿಟ್ಟಳು. "ಇಲ್ಲ ಕಣಮ್ಮಾ, ದಣಿದಿದ್ದೀಯ ಅಷ್ಟೆ. ಇದು ಹಿಂದಕ್ಕೂ ಬರುತ್ತೆ, ನಂದೂ ಬಂದಿತ್ತು" ಎಂದ ಡಾಕ್ಟರಮ್ಮ ಅವಳನ್ನು ತಮ್ಮ ಕೋಣೆಯ ಸೋಫಾದ ಮೇಲೆ ಮಲಗಿಸಿದರು. ಗಂಡನ ಬಳಿಗೆ ನರ್ಸನ್ನು ಕಳಿಸಿ, ಮೆಲ್ಲಗೆ ಬಾಗಿಲೆಳೆದು, ಹೊರಗೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನವಿಡೀ ಕೂತರು. ಬಂದವರಿಗೆಲ್ಲ, "ಒಳಗೆ ದೊಡ್ಡ ಮೀಟಿಂಗ್ ನಡೀತಿದೆ, ಸದ್ದು ಮಾಡಬೇಡಿ" ಎಂದು ಹೇಳಿ ಕಳಿಸಿದರು.